ದ್ರಾಕ್ಷಿ ತೋಟಕ್ಕೆ ಜಾಗ ಆರಿಸುವುದು ಹೇಗೆ: ಬೋರ್ ಪಾಯಿಂಟ್‌ಗೂ ಮೊದಲು ಬಿಸಿಲು, ಚಳಿ, ಗಾಳಿ

ಫೆಬ್ರುವರಿ ಬಂತೆಂದರೆ ದ್ರಾಕ್ಷಿ ಬೆಳೆಗಾರರದ್ದು ಅದೇ ಪ್ರಶ್ನೆ. "ಮೇಲಿನ ಸಾಲಿನ ಹಣ್ಣು ಸಿಹಿ, ಕೆಳಗಿನ ಸಾಲಿನದ್ದು ಹುಳಿ. ಒಂದೇ ತಳಿ, ಒಂದೇ ಗೊಬ್ಬರ, ಒಂದೇ ದಿನ ಚಾಟ್ನಿ (ಬಳ್ಳಿ ಸವರುವುದು). ಏನು ಹೊಡೀಬೇಕು?" ಇದಕ್ಕೆ ಔಷಧಿ ಅಂಗಡಿಯಲ್ಲಿ ಬಾಟಲಿ ಇಲ್ಲ. ಇಂಥ ತೊಂದರೆ ಬಹಳ ಸಲ ಬಳ್ಳಿಯದ್ದಲ್ಲ, ಜಾಗದ್ದು.

ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ಜಾಗ ಆರಿಸುವ ಕ್ರಮವೇ ಉಲ್ಟಾ. ಮೊದಲು ಬೋರ್ ಪಾಯಿಂಟ್, ಆಮೇಲೆ ರಸ್ತೆ, ಆಮೇಲೆ ಕರೆಂಟ್ ಕಂಬ. ಕೊನೆಗೆ ಉಳಿದ ಜಾಗದಲ್ಲಿ ಬಳ್ಳಿ. ನೀರನ್ನು ಪೈಪಿನಲ್ಲಿ ಮೇಲಕ್ಕೆ ಒಯ್ಯಬಹುದು. ತಗ್ಗಿನಲ್ಲಿ ನಿಂತ ಚಳಿಯನ್ನು ಮೋಟಾರ್ ಹಾಕಿ ಆಚೆ ತಳ್ಳಲು ಆಗುವುದಿಲ್ಲ.

ಚಳಿ ದೇಶದ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಜರ್ಮನಿಯ ಮೋಸೆಲ್ ನದಿ ಕಣಿವೆಯಲ್ಲಿ ಜಾಗ ತಪ್ಪಿದರೆ ದ್ರಾಕ್ಷಿ ಸರಿಯಾಗಿ ಹಣ್ಣಾಗುವುದಿಲ್ಲ. ಹಾಗಾಗಿ ಇಳಿಜಾರು, ಕಲ್ಲು, ನೀರು, ಗಾಳಿ ಎಲ್ಲವನ್ನೂ ಅವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ನಮಗೂ ಬೇಕು, ಅವರ ಉತ್ತರ ಬೇಡ. ಜರ್ಮನಿಯ ವಿಡಿಯೋದಲ್ಲಿ "ದಕ್ಷಿಣ ಮುಖದ ಇಳಿಜಾರು" ಅನ್ನುತ್ತಾರೆ, ನ್ಯೂಜಿಲೆಂಡ್ ವಿಡಿಯೋದಲ್ಲಿ "ಉತ್ತರ ಮುಖ" ಅನ್ನುತ್ತಾರೆ. ಅವರವರ ಊರಿಗೆ ಎರಡೂ ಸರಿ. ಜಗಳೂರಿಗೆ, ಹಿರಿಯೂರಿಗೆ, ಹೊಸದುರ್ಗಕ್ಕೆ ಏನು ಸರಿ ಅನ್ನುವುದನ್ನು ನಿಮ್ಮ ಹೊಲದಲ್ಲಿ ನಿಂತೇ ಅಳೆಯಬೇಕು.

ಬೇಕಾಗುವ ಸಾಮಾನು

ದುಬಾರಿ ಏನೂ ಇಲ್ಲ. ಒಂದು ಮೀಟರ್ ಉದ್ದದ ನೇರ ಕೋಲು, ಅಳತೆ ಟೇಪು, ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ ಹಿಡಿದಿಡುವ ಎರಡು ಥರ್ಮಾಮೀಟರ್, ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪು, ಹಾರೆ, ಸಲಿಕೆ, ಊದುಬತ್ತಿ ಪೊಟ್ಟಣ. ದಿಕ್ಕು ನೋಡಲು ಫೋನ್ ಸಾಕು. ಹಣ್ಣು ಬರುವ ಕಾಲಕ್ಕೆ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್ ಬೇಕು.

ಹಣಕ್ಕಿಂತ ಜಾಸ್ತಿ ಬೇಕಾಗಿರುವುದು ಒಂದು ಚಳಿಗಾಲ. ಡಿಸೆಂಬರ್, ಜನವರಿಯಲ್ಲಿ ನೋಡದ ಜಾಗಕ್ಕೆ ಜೂನ್‌ನಲ್ಲಿ ಸಸಿ ತರಬೇಡಿ. ಕಲ್ಲು ಕಂಬ, ತಂತಿ, ಡ್ರಿಪ್ ಎಲ್ಲ ಹಾಕಿದ ಮೇಲೆ ತೋಟವನ್ನು ಸರಿಸಲು ಆಗುವುದಿಲ್ಲ, ಅಲ್ವಾ?

ಹಂತ 1: ಮೊದಲು ಕ್ಯಾಲೆಂಡರ್ ಬರೆದುಕೊಳ್ಳಿ

ಬಿಸಿಲು ಎಷ್ಟಿದೆ ಎಂದು ಕೇಳುವ ಮೊದಲು ಯಾವ ತಿಂಗಳ ಬಿಸಿಲು ಎಂದು ಕೇಳಿ. ನಮ್ಮಲ್ಲಿ ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಥಾಮ್ಸನ್ ಸೀಡ್‌ಲೆಸ್ ಜಾತಿಯಲ್ಲಿ ಅಕ್ಟೋಬರ್ ಮಧ್ಯದಲ್ಲಿ ಸವರಿದರೆ ಕಾಳು ಉಬ್ಬುವ ಕಾಲ ಡಿಸೆಂಬರ್. ಕಾಳು ಮೆತ್ತಗಾಗಿ ಸಕ್ಕರೆ ಏರಲು ಶುರುವಾಗುವುದು ಜನವರಿಯಲ್ಲಿ. ಕೊಯ್ಲು ಫೆಬ್ರುವರಿ ಕೊನೆಗೆ ಅಥವಾ ಮಾರ್ಚ್‌ಗೆ. ತಳಿ ನೋಡಿ ಹೆಚ್ಚುಕಡಿಮೆ ಆಗುತ್ತದೆ.

ಅಂದರೆ ವರ್ಷದ ಅತಿ ತಂಪಾದ ಎರಡು ತಿಂಗಳಲ್ಲೇ ನಮ್ಮ ಗೊಂಚಲು ಬೆಳೆಯುತ್ತದೆ. ಯುರೋಪಿನಲ್ಲಿ ಇದು ತಿರುಗುಮುರುಗು. ಅಲ್ಲಿ ಗೊಂಚಲು ಬೇಸಿಗೆಯಲ್ಲಿ ಬೆಳೆದು, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಳಿ ಹತ್ತಿರವಾಗುತ್ತಿದ್ದಂತೆ ಹಣ್ಣಾಗುತ್ತದೆ. ಅಲ್ಲಿಯವರ ಭಯ ಕೊನೆಯ ತಿಂಗಳದ್ದು, ನಮ್ಮದು ನಡುವಿನ ತಿಂಗಳುಗಳದ್ದು.

ಇಲ್ಲೇ ಒಂದು ಲೆಕ್ಕ ಕಲಿತುಬಿಡಿ. 10 ಡಿಗ್ರಿಗಿಂತ ಕೆಳಗೆ ದ್ರಾಕ್ಷಿ ಬಳ್ಳಿ ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತದೆ. ದಿನದ ಗರಿಷ್ಠ, ಕನಿಷ್ಠ ಎರಡನ್ನೂ ಕೂಡಿಸಿ ಅರ್ಧ ಮಾಡಿ. ಅದರಿಂದ 10 ಕಳೆಯಿರಿ. ಉಳಿದದ್ದು ಆ ದಿನದ ಶಾಖದ ಗಳಿಕೆ. ಹಗಲು 29, ರಾತ್ರಿ 16 ಇದ್ದರೆ ಸರಾಸರಿ 22.5, ಗಳಿಕೆ 12.5. ಇಂಥ 130 ದಿನ ಸಿಕ್ಕರೆ ಒಟ್ಟು 1,600 ದಾಟುತ್ತದೆ. ದ್ರಾಕ್ಷಿ ನಾಡುಗಳನ್ನು ಇದೇ ಶಾಖದ ಲೆಕ್ಕದಲ್ಲಿ ವಿಂಗಡಿಸುವ ವಿಂಕ್ಲರ್ ಮಾಪನದ ಅತಿ ತಂಪು ವಲಯದಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ತಿಂಗಳು ಕೂಡಿಸಿದರೂ ಸುಮಾರು 1,390ರ ಒಳಗೇ ಇರುತ್ತದೆ. ಹಾಗಾಗಿ ನಮ್ಮ ಜಿಲ್ಲೆಗಳಿಗೆ ಶಾಖದ ಬರ ಇಲ್ಲ. ಬರ ಇರುವುದು ಕೆಲವು ಹೊಲಗಳಿಗೆ, ಕೆಲವು ಮೂಲೆಗಳಿಗೆ. ಆ ಮೂಲೆ ಹುಡುಕುವುದೇ ಮುಂದಿನ ಕೆಲಸ.

ಹಂತ 2: ಕೋಲು ನೆಟ್ಟು ಬಿಸಿಲು ಅಳೆಯಿರಿ

ಡಿಸೆಂಬರ್ 21ರ ಆಸುಪಾಸು ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ನಮ್ಮಲ್ಲಿ ಸೂರ್ಯನ ನಡುಹಗಲು ಗಡಿಯಾರದ 12ಕ್ಕೆ ಅಲ್ಲ, ಆ ದಿನಗಳಲ್ಲಿ 12:20 ದಾಟಿದ ಮೇಲೆ. ಆಗ ನೆರಳು ಸುಮಾರು 77 ಸೆಂಟಿಮೀಟರ್ ಇರುತ್ತದೆ, ಉತ್ತರಕ್ಕೆ ಬಿದ್ದಿರುತ್ತದೆ. ಅದೇ ದಿನ ಮೋಸೆಲ್ ಕಣಿವೆಯಲ್ಲಿ ಅದೇ ಕೋಲಿನ ನೆರಳು ಮೂರು ಮೀಟರ್ ದಾಟುತ್ತದೆ. ಅಲ್ಲಿ ಸೂರ್ಯ ಅಷ್ಟು ಕೆಳಗೆ.

ಚಳಿ ದೇಶದವರು ಕಡಿದಾದ ಇಳಿಜಾರಿಗೆ ಹೋಗುವುದು ಇದಕ್ಕೇ. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿ ನಡುಹಗಲಿನ ಸೂರ್ಯ 40 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣಕ್ಕೆ 30 ಡಿಗ್ರಿ ವಾಲಿದ ನೆಲಕ್ಕೆ ಆ ಹೊತ್ತಿನಲ್ಲಿ ಬೀಳುವ ನೇರ ಬಿಸಿಲು ಸಮತಟ್ಟು ನೆಲಕ್ಕಿಂತ ಒಂದೂವರೆ ಪಟ್ಟಿನಷ್ಟು. ಮೋಸೆಲ್ ದಡದ ಕಾಲ್ಮಾಂಟ್ ಗುಡ್ಡದಲ್ಲಿ ಇಳಿಜಾರು ಸುಮಾರು 65 ಡಿಗ್ರಿವರೆಗೂ ಇದೆ, ಅಲ್ಲಿ ನಿಲ್ಲುವುದೇ ಕಷ್ಟ. ಆದರೂ ಬಳ್ಳಿ ಹಾಕಿದ್ದಾರೆ.

ನಮ್ಮ ಲೆಕ್ಕ ಬೇರೆ. ಜನವರಿ ಮಧ್ಯದಲ್ಲಿ ಚಿತ್ರದುರ್ಗದಲ್ಲಿ ನಡುಹಗಲಿನ ಸೂರ್ಯ ಸುಮಾರು 55 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣಕ್ಕೆ 5 ಡಿಗ್ರಿ ವಾಲಿದ ಹೊಲಕ್ಕೆ ಸಿಗುವ ಲಾಭ ನೂರಕ್ಕೆ 6ರಷ್ಟು ಮಾತ್ರ. ಅದಕ್ಕಾಗಿ ಗುಡ್ಡ ಹತ್ತಿ, ಜೆಸಿಬಿ ತರಿಸಿ, ಮಟ್ಟ ಹೊಡೆಸುವುದು ಸುಮ್ನೆ ಖರ್ಚು.

ನಮ್ಮಲ್ಲಿ ಬಿಸಿಲು ಕಳ್ಳತನವಾಗುವುದು ಇಳಿಜಾರಿನಿಂದಲ್ಲ, ಪಕ್ಕದ ಮರಗಳಿಂದ. ಚನ್ನಗಿರಿ ಕಡೆ ಅಡಿಕೆ, ಎಲ್ಲೆಡೆ ತೆಂಗು. ಡಿಸೆಂಬರ್‌ನಲ್ಲಿ ನಡುಹಗಲಿನ ನೆರಳು ಮರದ ಎತ್ತರದ ಮುಕ್ಕಾಲು ಪಾಲು. ಬೆಳಿಗ್ಗೆ 9ರ ಸುಮಾರಿಗೆ ಎತ್ತರದ ಎರಡು ಪಟ್ಟು, ಅದೂ ವಾಯವ್ಯಕ್ಕೆ. 15 ಮೀಟರ್ ಅಡಿಕೆ ಸಾಲು ನಿಮ್ಮ ಹೊಲದ ಆಗ್ನೇಯಕ್ಕಿದ್ದರೆ 9 ಗಂಟೆಗೆ 30 ಮೀಟರ್ ಜಾಗ ಕತ್ತಲು. ಇಬ್ಬನಿ ಒಣಗಬೇಕಾದ ಹೊತ್ತು ಅದೇ. ಒಣಗದಿದ್ದರೆ ಡೌನಿ ರೋಗಕ್ಕೆ (ಎಲೆ, ಗೊಂಚಲಿಗೆ ಹತ್ತುವ ಬೂಜು ರೋಗ) ನೀವೇ ಬಾಗಿಲು ತೆರೆದಂತೆ.

ಎಲ್ಲರೂ ಮಾಡುವ ತಪ್ಪು: ಜಾಗವನ್ನು ಏಪ್ರಿಲ್, ಮೇ ತಿಂಗಳಲ್ಲಿ ನೋಡುವುದು. ಏಪ್ರಿಲ್ ಕೊನೆಯಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಆಗ ನಡುಹಗಲಿಗೆ ಯಾವ ಮರಕ್ಕೂ ಉದ್ದ ನೆರಳಿಲ್ಲ. ಆಮೇಲೆ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಗ ನೋಡಿ "ಇಲ್ಲಿ ಒಳ್ಳೆ ಬಿಸಿಲು" ಎಂದು ಅಡ್ವಾನ್ಸ್ ಕೊಟ್ಟವರು ಡಿಸೆಂಬರ್‌ನಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಪಕ್ಕದವರ ಅಡಿಕೆ ಸಸಿ ಈಗ ಮೊಣಕಾಲೆತ್ತರ ಇದ್ದರೂ ಹತ್ತು ವರ್ಷದ ಮೇಲಿನ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಯಾವ ಮುಖ ಒಳ್ಳೆಯದು ಎಂದು ಕೇಳಿದರೆ ನಾನು ಪೂರ್ವ ಅಥವಾ ಆಗ್ನೇಯ ಎನ್ನುತ್ತೇನೆ. ಬೆಳಗಿನ ಬಿಸಿಲು ಬೇಗ ಸಿಗುತ್ತದೆ, ಮಾರ್ಚ್‌ನ ಇಳಿಹೊತ್ತಿನ ಉರಿ ತಪ್ಪುತ್ತದೆ. 35 ಡಿಗ್ರಿ ದಾಟಿದ ಮೇಲೆ ಎಲೆಯ ಸಕ್ಕರೆ ತಯಾರಿ ಇಳಿಯುತ್ತದೆ. ಪಶ್ಚಿಮ ಮುಖದಲ್ಲಿ ಕಾಳು ಸುಟ್ಟು ಕಂದುವುದೂ ಉಂಟು.

ಹಂತ 3: ಚಳಿ ಎಲ್ಲಿ ಕೂರುತ್ತದೆ ಎಂದು ಪತ್ತೆ ಮಾಡಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ.

ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ನೆಲ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರು ಹಿಡಿದು ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಸಾಮಾನ್ಯವಾಗಿ 100 ಮೀಟರ್ ಮೇಲೆ ಹೋದರೆ 0.65 ಡಿಗ್ರಿಯಷ್ಟು ತಂಪು ಜಾಸ್ತಿ. ಆದರೆ ಇಂಥ ರಾತ್ರಿಯಲ್ಲಿ ಅದು ಮಗುಚಿಕೊಳ್ಳುತ್ತದೆ. ಕೆಳಗಿನ ಹಳ್ಳದ ದಂಡೆ ಚಳಿ, ಇಳಿಜಾರಿನ ನಡುಭಾಗ ಬೆಚ್ಚಗೆ. ಚಳಿ ದೇಶಗಳಲ್ಲಿ ತಗ್ಗನ್ನು ಬಿಟ್ಟು, ನೆತ್ತಿಯನ್ನೂ ಬಿಟ್ಟು, ಗುಡ್ಡದ ಸೊಂಟದಲ್ಲಿ ಬಳ್ಳಿ ಹಾಕುವುದು ಇದಕ್ಕೆ. ಅಲ್ಲಿ ತಗ್ಗಿಗೆ ಹಿಮ ಬಿದ್ದು ಚಿಗುರು ಸುಟ್ಟುಹೋಗುತ್ತದೆ. ನಮ್ಮಲ್ಲಿ ಹಿಮವಿಲ್ಲ, ಹಣ್ಣು ತಡವಾಗುತ್ತದೆ, ಅಷ್ಟೆ. ಆ "ಅಷ್ಟೆ" ಮಾರುಕಟ್ಟೆಯಲ್ಲಿ ದುಬಾರಿ.

ಪರೀಕ್ಷೆ ಹೀಗೆ. ಒಂದು ಥರ್ಮಾಮೀಟರ್ ಹೊಲದ ಮೇಲಿನ ತುದಿಯಲ್ಲಿ, ಇನ್ನೊಂದು ಕೆಳಗಿನ ತುದಿಯಲ್ಲಿ. ಎರಡೂ ಎದೆಮಟ್ಟದಲ್ಲಿ ಇರಲಿ, ನೇರ ಬಿಸಿಲು ಬೀಳದಂತೆ ಮೇಲೊಂದು ಬಿಳಿ ಮುಚ್ಚಳ ಇರಲಿ, ಸುತ್ತ ಗಾಳಿ ಆಡಲಿ. ಗೋಡೆಗೆ, ಪಂಪ್ ಮನೆಗೆ ಕಟ್ಟಬೇಡಿ. ಗೋಡೆಯ ಕಾವು ಸೇರಿ ಲೆಕ್ಕ ಕೆಡುತ್ತದೆ. ಡಿಸೆಂಬರ್, ಜನವರಿ ಎರಡೂ ತಿಂಗಳು ದಿನಾ ಬೆಳಿಗ್ಗೆ ಬರೆದಿಡಿ. ಮೊದಲು ಎರಡನ್ನೂ ಒಂದೇ ಕಡೆ ಒಂದು ರಾತ್ರಿ ಇಟ್ಟು, ಒಂದೇ ಅಂಕಿ ತೋರಿಸುತ್ತವೆಯೇ ನೋಡಿಕೊಳ್ಳಿ.

ವ್ಯತ್ಯಾಸ 1 ಡಿಗ್ರಿ ಒಳಗಿದ್ದರೆ ಮರೆತುಬಿಡಿ. ತಿಳಿ ರಾತ್ರಿಗಳಲ್ಲಿ ಮತ್ತೆ ಮತ್ತೆ 3 ಡಿಗ್ರಿ ದಾಟಿದರೆ ಕೆಳಗಿನ ಭಾಗ ದ್ರಾಕ್ಷಿಗೆ ಬೇಡ. ಲೆಕ್ಕ ಹಾಕಿ ನೋಡಿ: ಮೇಲೆ ರಾತ್ರಿ 16, ಕೆಳಗೆ 12, ಹಗಲು ಎರಡೂ ಕಡೆ 29. ಮೇಲಿನ ಗಳಿಕೆ 12.5, ಕೆಳಗಿನದು 10.5. ಇಂಥ 40 ದಿನ ಕಳೆದರೆ 80ರ ಕೊರತೆ. ಅಂದರೆ ಸುಮಾರು ಒಂದು ವಾರ ಕೆಳಗಿನ ಗೊಂಚಲು ಹಿಂದೆ. ಒಂದೇ ದಿನ ಕೊಯ್ದರೆ ಹುಳಿ ಇರದೆ ಏನಾಗುತ್ತದೆ?

ಥರ್ಮಾಮೀಟರ್ ಚಳಿ ಎಷ್ಟು ಎಂದು ಹೇಳುತ್ತದೆ, ಯಾವ ದಾರಿಯಲ್ಲಿ ಬಂತು ಎಂದು ಹೇಳುವುದಿಲ್ಲ. ಅದಕ್ಕೆ ಊದುಬತ್ತಿ. ಗಾಳಿಯಿಲ್ಲದ ದಿನ ಬೆಳಗಿನ ಐದೂವರೆಗೆ ಹೊಲಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು, ಹಚ್ಚಿದ ಊದುಬತ್ತಿಯನ್ನು ಮೊಣಕಾಲ ಮಟ್ಟದಲ್ಲಿ ಹಿಡಿಯಿರಿ. ಟಾರ್ಚ್ ಬೆಳಕನ್ನು ಅಡ್ಡಲಾಗಿ ಬಿಡಿ. ಹೊಗೆ ಒಂದೇ ಕಡೆ ವಾಲಿ, ನಿಧಾನವಾಗಿ ಇಳಿಜಾರಿನತ್ತ ಜಾರಿದರೆ ಚಳಿ ಹರಿದು ಹೋಗುತ್ತಿದೆ, ಒಳ್ಳೆಯದು. ಹೊಗೆ ಒಂದಡಿ ಎದ್ದು ಅಲ್ಲೇ ಪದರವಾಗಿ ಹರಡಿ ತೂಗಿದರೆ ಚಳಿ ನಿಂತಿದೆ. ಕೆಳಗಿನ ಬದುವಿನ ಹತ್ತಿರ ಬಂದಾಗ ಗಮನವಿಡಿ. ದಟ್ಟ ಕಳ್ಳಿ ಬೇಲಿಯೋ ಲಂಟಾನ ಪೊದೆಯೋ ಇದ್ದರೆ ಹೊಗೆ ಅಲ್ಲಿಗೆ ಬಂದು ತಡೆದು, ಹಿಂದಕ್ಕೆ ಹರಡುತ್ತದೆ.

ಇದಕ್ಕೆ ಮಾತ್ರ ಸುಲಭ ಪರಿಹಾರವಿದೆ. ಬೇಲಿಯ ಬುಡದ ಕೊಂಬೆಗಳನ್ನು ಸವರಿ, ಅಲ್ಲಲ್ಲಿ ಮೂರು ನಾಲ್ಕು ಮೀಟರ್ ಬಾಯಿ ಬಿಡಿ. ಮಣ್ಣಿನ ಬದುವನ್ನು ಒಡೆಯಬೇಡಿ, ಮಳೆ ನೀರಿಗೆ ಅದು ಬೇಕು. ಗಾಳಿ ಹೋಗಲು ದಾರಿ ಸಿಕ್ಕರೆ ಸಾಕು.

ಎಚ್ಚರಿಕೆಯ ಗುರುತು: ಬೆಳಿಗ್ಗೆ ಎಂಟಾದರೂ ಮಂಜು ಬಿಡದ ಮೂಲೆ. ಆ ಮೂಲೆಯಲ್ಲಿ ಹುಣಸೆಯೋ ಮಾವೋ ಇರಲಿ.

ಒಂದು ಮಾತು ಸೇರಿಸಬೇಕು. ತಂಪು ರಾತ್ರಿ ಪೂರ್ತಿ ಶತ್ರುವಲ್ಲ. ಕಪ್ಪು, ಕೆಂಪು ತಳಿಗಳಿಗೆ ಬಣ್ಣ ಕೂರಲು ರಾತ್ರಿ ತಂಪಿರಬೇಕು. ರಾತ್ರಿಯೂ ಸೆಖೆ ಇದ್ದರೆ ಕಾಳಿನ ಹುಳಿ ಬೇಗ ಕರಗಿ ರುಚಿ ಸಪ್ಪೆಯಾಗುತ್ತದೆ. ಶರದ್ ಸೀಡ್‌ಲೆಸ್‌ನಂಥ ಕಪ್ಪು ತಳಿ ಹಾಕುವವರು 2 ಡಿಗ್ರಿ ವ್ಯತ್ಯಾಸಕ್ಕೆ ಹೆದರಬೇಕಿಲ್ಲ. ಹೊಲವೆಲ್ಲ ಒಂದೇ ಸಮ ಇದ್ದರೆ ಸಾಕು.

ಹಂತ 4: ಗಾಳಿ

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಫ್ಯಾನು ತಿರುಗುವ ನೆತ್ತಿಯ ಪಕ್ಕ ಅಗ್ಗಕ್ಕೆ ಜಮೀನು ಸಿಕ್ಕರೆ ಎರಡು ಸಲ ಯೋಚಿಸಿ. ಏಪ್ರಿಲ್ ಚಾಟ್ನಿ ನಂತರ ಬರುವ ಎಳೆ ಕಡ್ಡಿ ಜೂನ್, ಜುಲೈನ ಪಡುವಣ ಗಾಳಿಗೆ ಬುಡದಲ್ಲೇ ಮುರಿಯುತ್ತದೆ. ಮುಂದಿನ ಹಣ್ಣು ಬರುವುದು ಆ ಕಡ್ಡಿಯಿಂದಲೇ. ಜೋರು ಗಾಳಿಗೆ ಎಲೆಯ ಉಸಿರಾಟದ ರಂಧ್ರಗಳೂ ಮುಚ್ಚಿಕೊಳ್ಳುತ್ತವೆ, ಸಕ್ಕರೆ ತಯಾರಿ ಕುಂಟುತ್ತದೆ.

ಜರ್ಮನಿಯ ರೈನ್‌ಗೌ ಪ್ರದೇಶಕ್ಕೆ ಉತ್ತರದಲ್ಲಿ ಟೌನಸ್ ಬೆಟ್ಟಸಾಲು ಅಡ್ಡ ನಿಂತು ತಣ್ಣನೆ ಗಾಳಿ ತಡೆಯುತ್ತದೆ. ನಮಗೆ ಬೆಟ್ಟ ಇಲ್ಲದಿದ್ದರೆ ಮರ. ಪಶ್ಚಿಮ ಮತ್ತು ನೈಋತ್ಯಕ್ಕೆ ಸರ್ವೆ ಅಥವಾ ಸಿಲ್ವರ್ ಓಕ್ ಸಾಲು ಹಾಕಿ. ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ರಕ್ಷಣೆ ಸಿಗುತ್ತದೆ. ಗಾಳಿ ಅರ್ಧದಷ್ಟು ನುಸುಳುವ ಹಾಗಿರಲಿ. ಗೋಡೆಯಂತೆ ದಟ್ಟವಾದರೆ ಗಾಳಿ ಮೇಲೆ ಹಾರಿ ಹಿಂದೆ ಸುಳಿಯಾಗಿ ಬೀಳುತ್ತದೆ. ಆ ಸಾಲು ಇಳಿಜಾರಿನ ಕೆಳತುದಿಗೆ ಬರುವಂತಿದ್ದರೆ ಹಂತ 3 ಮತ್ತೆ ಓದಿ, ಬುಡ ಬಿಡಿಸಿಡಿ.

ಹಂತ 5: ಮಣ್ಣು ಮತ್ತು ನೀರು ಇಳಿಯುವ ಬಗೆ

ಒಂದು ಮೀಟರ್ ಆಳದ ಗುಂಡಿ ತೋಡಿ. ಮೇಲೊಂದು, ಕೆಳಗೊಂದು. ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ. ಎರಡನೇ ಸಲದ ನೀರು ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಬೇರು ಉಸಿರುಗಟ್ಟುತ್ತದೆ. ಒದ್ದೆ ಮಣ್ಣು ಬೇಗ ಕಾಯುವುದಿಲ್ಲ. ಹಣ್ಣಾಗುವ ಹೊತ್ತಿಗೆ ಬೇರಿಗೆ ನೀರು ಜಾಸ್ತಿ ಸಿಕ್ಕರೆ ಬಳ್ಳಿ ಚಿಗುರುತ್ತಲೇ ಇರುತ್ತದೆ, ಸಕ್ಕರೆ ಗೊಂಚಲಿಗೆ ಬರುವುದಿಲ್ಲ.

ಗರಸು ಮಿಶ್ರಿತ ಕೆಂಪು ಮಣ್ಣು ಒಳ್ಳೆಯದು. ಎರೆ ಭೂಮಿಯಲ್ಲಿ ಆಗುವುದೇ ಇಲ್ಲವೆಂದಲ್ಲ, ಬಸಿಗಾಲುವೆ ಬೇಕು, ಕೊನೆಯ ತಿಂಗಳು ನೀರಿನ ಮೇಲೆ ಹಿಡಿತ ಬೇಕು. ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆಯ ಭದ್ರಾ ಕಾಲುವೆ ಅಚ್ಚುಕಟ್ಟಿನಲ್ಲಿ ಆ ಹಿಡಿತ ನಿಮ್ಮ ಕೈಯಲ್ಲಿ ಇರುವುದಿಲ್ಲ. ನಿಮ್ಮ ಡ್ರಿಪ್ ಬಂದ್ ಆಗಿರುತ್ತದೆ, ಪಕ್ಕದ ಬೇಸಿಗೆ ಭತ್ತದ ಗದ್ದೆಯ ನೀರು ಒಳಗಿಂದೊಳಗೆ ಬಸಿದು ಬರುತ್ತಿರುತ್ತದೆ. ಗದ್ದೆಗೆ ತಾಗಿದ ಜಮೀನು ದ್ರಾಕ್ಷಿಗೆ ಬೇಡವೇ ಬೇಡ.

ಕೆಲವರು ಕೆರೆ ದಂಡೆ ಹುಡುಕುತ್ತಾರೆ. ಸ್ವಿಟ್ಜರ್ಲೆಂಡಿನ ಲಾವೋ ಇಳಿಜಾರಿನಲ್ಲಿ ಜಿನೀವಾ ಸರೋವರ ಬಿಸಿಲನ್ನು ಪ್ರತಿಫಲಿಸುತ್ತದೆ, ಕಲ್ಲಿನ ಗೋಡೆಗಳು ಹಗಲಿನ ಕಾವನ್ನು ರಾತ್ರಿ ಬಿಡುತ್ತವೆ, ನಿಜ. ಆದರೆ ಅದು ನೂರಾರು ಮೀಟರ್ ಆಳದ ಸರೋವರ. ಚಳಿಗಾಲ ಕಳೆದರೂ ಕಾವು ಉಳಿಸಿಕೊಳ್ಳುವ ಶಕ್ತಿ ಅದಕ್ಕಿದೆ. ಜನವರಿಗೆ ಅರ್ಧ ಇಂಗಿರುವ ನಮ್ಮೂರ ಕೆರೆ ಕೊಡುವುದು ತೇವ ಮತ್ತು ಬೂದಿ ರೋಗ. ಕಲ್ಲಿನ ವಿಷಯವೂ ಹಾಗೆಯೇ. ಮೋಸೆಲ್‌ನ ಸ್ಲೇಟ್ ಕಲ್ಲಿನ ಕಾವು ಅಲ್ಲಿ ವರ, ಮಾರ್ಚ್‌ನಲ್ಲಿ ಕೊಯ್ಯುವ ನಮಗೆ ಬಂಡೆಗೆ ಅಂಟಿದ ಸಾಲು ಕಷ್ಟ.

ಮಣ್ಣು ಮತ್ತು ಬೋರ್ ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರು ಕಡೆಯವರಿಗೆ ಬಬ್ಬೂರು ಫಾರಂ ಹತ್ತಿರ. ನೀರಿನಲ್ಲಿ ಉಪ್ಪಿನಂಶ ಇದ್ದರೆ ಡಾಗ್‌ರಿಡ್ಜ್‌ನಂಥ ಬೇರುಸಸಿಗೆ ಕಸಿ ಮಾಡಿದ್ದನ್ನೇ ತನ್ನಿ.

ಹಂತ 6: ಇಳಿಜಾರು, ಸಾಲಿನ ದಿಕ್ಕು

ನೀರಿನ ಪೈಪು ಹಿಡಿದು 30 ಮೀಟರ್ ಅಂತರದ ಎರಡು ಕಡೆ ಮಟ್ಟ ನೋಡಿ. ವ್ಯತ್ಯಾಸ 30ರಿಂದ 90 ಸೆಂಟಿಮೀಟರ್ ಇದ್ದರೆ ನೂರಕ್ಕೆ 1ರಿಂದ 3ರ ಇಳಿಜಾರು. ಚಳಿ ಹರಿಯಲು, ಮಳೆ ನೀರು ಬಸಿಯಲು, ಡ್ರಿಪ್ ಒತ್ತಡ ಸಮ ಇರಲು ಇಷ್ಟು ಸಾಕು. ಸಾಲು ಉತ್ತರ ದಕ್ಷಿಣವಾಗಿರಲಿ, ಎರಡೂ ಬದಿಗೆ ಬಿಸಿಲು ಹಂಚಿಕೆಯಾಗುತ್ತದೆ. ಇಳಿಜಾರು ಇದಕ್ಕಿಂತ ಜಾಸ್ತಿ ಇದ್ದು ಮಣ್ಣು ಕೊಚ್ಚುವಂತಿದ್ದರೆ ದಿಕ್ಕು ಮರೆತು, ಇಳಿಜಾರಿಗೆ ಅಡ್ಡ ಹಾಕಿ.

ಹಂತ 7: ಈಗಾಗಲೇ ಬಳ್ಳಿ ಹಾಕಿದ್ದರೆ

ಮೊದಲು ತಪ್ಪು ಜಾಗದ್ದೇ ಎಂದು ಖಚಿತ ಮಾಡಿಕೊಳ್ಳಿ. ಒಂದು ಗೊಂಚಲಿಗೆ ಸುಮಾರು 12ರಿಂದ 15 ಒಳ್ಳೆ ಎಲೆ ಬೇಕು. ಹೊಲದ ತುಂಬ ಹುಳಿ ಇದ್ದರೆ, ಗೊಂಚಲು ಜಾಸ್ತಿ ಎಲೆ ಕಡಿಮೆ ಇದ್ದರೆ, ಅದು ಹೊರೆಯ ತಪ್ಪು. ಹುಳಿ ಒಂದೇ ಪಟ್ಟಿಯಲ್ಲಿ, ವರ್ಷ ವರ್ಷವೂ ಅದೇ ಸಾಲುಗಳಲ್ಲಿ ಬರುತ್ತಿದ್ದರೆ ಜಾಗದ್ದು.

ಆ ಪಟ್ಟಿಯನ್ನು ಬೇರೆಯೇ ತೋಟ ಎಂದುಕೊಳ್ಳಿ. ಡ್ರಿಪ್‌ಗೆ ಬೇರೆ ವಾಲ್ವ್ ಹಾಕಿಸಿ. ಗೊಂಚಲು ಕಡಿಮೆ ಬಿಡಿ. ಪೂರ್ವದ ಬದಿಯಲ್ಲಿ ಗೊಂಚಲಿಗೆ ಅಡ್ಡ ಬಂದ ಎಲೆ ತೆಗೆಯಿರಿ, ಪಶ್ಚಿಮದ ಬದಿ ಮುಟ್ಟಬೇಡಿ. ಬೇಗ ಹಣ್ಣಾಗಲಿ ಎಂದು ಚಾಟ್ನಿಯನ್ನು ಸೆಪ್ಟೆಂಬರ್‌ಗೆ ಎಳೆಯುವವರಿದ್ದಾರೆ. ಹಿಂಗಾರು ಮಳೆಯಲ್ಲಿ ಹೂವು ಸಿಕ್ಕಿಕೊಂಡರೆ ಡೌನಿಗೆ ಔಷಧಿ ಹೊಡೆದೇ ಸುಸ್ತಾಗುತ್ತೀರಿ, ನನ್ನ ಮಟ್ಟಿಗೆ ಅದು ಬೇಡ.

ಕೊಯ್ಲಿಗೆ ಮೂರು ವಾರ ಮೊದಲಿನಿಂದ ಸಕ್ಕರೆ ಅಳೆಯಿರಿ. ರಿಫ್ರ್ಯಾಕ್ಟೋಮೀಟರ್ ತೋರಿಸುವ ಸಕ್ಕರೆಯ ಅಂಕಿಗೆ ಬ್ರಿಕ್ಸ್ ಅನ್ನುತ್ತಾರೆ. ಮೇಲಿನ ಮತ್ತು ಕೆಳಗಿನ ಪಟ್ಟಿಯಿಂದ ಒಂದೇ ಬೆಳಿಗ್ಗೆ ನೂರು ನೂರು ಕಾಳು ಕೀಳಿ. ಸಾಲಿನ ಎರಡೂ ಬದಿಯಿಂದ, ಗೊಂಚಲಿನ ಹೆಗಲು, ನಡು, ತುದಿ ಮೂರೂ ಕಡೆಯಿಂದ ಬರಲಿ. ಹೆಗಲಿನ ಕಾಳನ್ನೇ ಕಿತ್ತು "18 ಬ್ರಿಕ್ಸ್ ಬಂತು" ಎಂದು ವ್ಯಾಪಾರಿಯನ್ನು ಕರೆಸಿದರೆ ಅವನು ತುದಿಯ ಕಾಳು ತಿಂದು ನೋಡಿ ರೇಟು ಇಳಿಸುತ್ತಾನೆ. ಎರಡೂ ಪಟ್ಟಿಯ ರಸ ಬೇರೆ ಬೇರೆ ಹಿಂಡಿ, ಅಂಕಿ ಬರೆದಿಡಿ. 2 ಬ್ರಿಕ್ಸ್ ವ್ಯತ್ಯಾಸ ಇದ್ದರೆ ಮೇಲಿನದ್ದನ್ನು ಮೊದಲು ಕೊಯ್ಯಿರಿ. ಕೆಳಗಿನದ್ದಕ್ಕೆ ನೀರು ಕಡಿಮೆ ಮಾಡಿ, ನಾಲ್ಕು ದಿನಕ್ಕೊಮ್ಮೆ ಅಳೆಯುತ್ತಾ ಕಾಯಿರಿ. ವ್ಯಾಪಾರಿಗೂ ಮೊದಲೇ ಎರಡು ಕೊಯ್ಲು ಎಂದು ಹೇಳಿಬಿಡಿ, ಲಾರಿ ಒಂದೇ ದಿನ ಬಂದು ನಿಲ್ಲದಂತೆ.